ನೋವಿನ ಮಾತ್ರೆಯ ಬಾಕಿ ಲೆಕ್ಕ

ಮಂಡ್ಯ ಜಿಲ್ಲೆಯ ಬೆಳಕವಾಡಿ ಕಡೆಯ ಊರುಗಳಲ್ಲಿ ಸಂಜೆ ಆರರ ಮೇಲೆ ಯಾವುದಾದರೂ ಮೆಡಿಕಲ್ ಸ್ಟೋರಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಆ ಸೀಮೆಯ ದುಡಿಮೆ ಎಂಥದ್ದೆಂದು ತಿಳಿಯುತ್ತದೆ. ನಾಟಿ ಹಾಕಿ ಸೊಂಟ ಹಿಡಿದವರು, ಕಬ್ಬು ಕಡಿದು ರಟ್ಟೆ ಸೋತವರು, ಸೊಪ್ಪಿನ ಹೊರೆ ಹೊತ್ತು ಕತ್ತು ತಿರುಗದವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ‘ಮಂಡಿ ಬೋ ನೋಯ್ತದೆ ಕನಪ್ಪ, ಅವತ್ತು ಕೊಟ್ಟಿದ್ಯಲ್ಲ, ಅದೇ ಸೆಟ್ಟು ಕೊಡು.’ ಡಾಕ್ಟರ ಚೀಟಿ ಇವರೂ ತಂದಿರುವುದಿಲ್ಲ, ಅಂಗಡಿಯವರೂ ಕೇಳುವುದಿಲ್ಲ. ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಒಂದು ಹಳದಿ, ಒಂದು ಬಿಳಿ, ಜೊತೆಗೊಂದು ಗ್ಯಾಸಿನ ಮಾತ್ರೆ ಹಾಕಿ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಔಷಧಿಯ ಹೆಸರು, ಅವಧಿ ಮುಗಿಯುವ ತಾರೀಕು, ವೈದ್ಯರ ಚೀಟಿ ಬೇಕೇಬೇಕೆಂದು ಹೇಳುವ ‘ಆರ್‌ಎಕ್ಸ್’ ಗುರುತು ಎಲ್ಲವೂ ಅಂಗಡಿಯಲ್ಲೇ ಉಳಿದ ತುಂಡಿನ ಮೇಲಿರುತ್ತವೆ. ಮನೆಗೆ ಬರುವುದು ಬರೀ ಬಣ್ಣ.

ಆ ಪೊಟ್ಟಣವನ್ನು ಹೀಗಳೆಯುವುದು ಸುಲಭ. ಆದರೆ ದಿನಗೂಲಿಯವಳು ನಾಳೆ ಬೆಳಿಗ್ಗೆ ಎದ್ದು ಗದ್ದೆಗೆ ಇಳಿಯಲೇಬೇಕು. ‘ಎಂಟು ದಿನ ರೆಸ್ಟ್ ತಗೊಳ್ಳಿ’ ಅನ್ನುವುದು ಸಂಬಳದವರಿಗೆ ಹೇಳುವ ಮಾತು. ನನ್ನ ಆತಂಕ ಬೇರೆ. ನೋವಿನ ಮಾತ್ರೆ ನುಂಗುವ ಇದೇ ಮನೆಗಳಿಗೆ ಈಗ ಬಿಪಿ ಮಾತ್ರೆ, ಶುಗರ್ ಮಾತ್ರೆಗಳೂ ಬಂದಿವೆ. ಐಸಿಎಂಆರ್ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ, 31 ಕೋಟಿಗೂ ಹೆಚ್ಚು ಜನರಿಗೆ ಅಧಿಕ ರಕ್ತದೊತ್ತಡ ಇದೆ. ಬಿಸಿಲೂ ಏರುತ್ತಿದೆ, 2024ರ ಏಪ್ರಿಲ್‌ನಲ್ಲಿ ತಂಪಿನ ಊರೆನಿಸಿಕೊಂಡ ಬೆಂಗಳೂರೇ 38 ಡಿಗ್ರಿ ದಾಟಿತ್ತು. ನೋವಿನ ಮಾತ್ರೆ, ಬಿಪಿ ಮಾತ್ರೆ, ಬಿಸಿಲು ಮೂರೂ ಒಂದೇ ಮೈಯಲ್ಲಿ ಸೇರಿದರೆ ಪೆಟ್ಟು ಬೀಳುವುದು ಕಿಡ್ನಿಗೆ. ಮಂಡಿಯ ಹಾಗೆ ಕಿಡ್ನಿ ನೋವು ತೋರಿಸಿಕೊಳ್ಳುವುದಿಲ್ಲ. ಕಬ್ಬು ಭತ್ತದ ಸೀಮೆಯಲ್ಲಿ ಮುಂದಿನ ಹತ್ತು ಹದಿನೈದು ವರ್ಷದ ಡಯಾಲಿಸಿಸ್ ಸಾಲು ಈಗ ತಯಾರಾಗುತ್ತಿದೆ ಎಂದು ನಾನು ಹೇಳುವುದಕ್ಕೆ ಇರುವ ಆಧಾರಗಳನ್ನು ಮುಂದೆ ಇಡುತ್ತೇನೆ.

ಮೊದಲು ಮಾತ್ರೆ ಮಾಡುವ ಕೆಲಸ ಏನೆಂದು ನೋಡೋಣ. ಪೆಟ್ಟು ಬಿದ್ದ ಅಥವಾ ಸವೆದ ಜಾಗದಲ್ಲಿ ಜೀವಕೋಶಗಳ ಪೊರೆಯಿಂದ ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನಂಶ ಬಿಡುಗಡೆಯಾಗುತ್ತದೆ. ಕಾಕ್ಸ್ ಎಂಬ ಕಿಣ್ವ ಅದನ್ನು ಪ್ರೋಸ್ಟಾಗ್ಲಾಂಡಿನ್‌ಗಳಾಗಿ ಬದಲಿಸುತ್ತದೆ. ಇವು ಅಲ್ಲಿನ ರಕ್ತನಾಳಗಳನ್ನು ಹಿಗ್ಗಿಸುತ್ತವೆ, ಊತ ತರಿಸುತ್ತವೆ, ನರದ ತುದಿಗಳನ್ನು ಎಷ್ಟು ಸೂಕ್ಷ್ಮ ಮಾಡುತ್ತವೆಂದರೆ ಮುಟ್ಟಿದರೂ ನೋಯುತ್ತದೆ. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಮೆಫೆನಮಿಕ್ ಆಮ್ಲ ಎಲ್ಲವೂ ಆ ಕಿಣ್ವದ ಕೈ ಕಟ್ಟುತ್ತವೆ. ಪ್ರೋಸ್ಟಾಗ್ಲಾಂಡಿನ್ ಇಳಿದರೆ ಊತ, ನೋವು ಎರಡೂ ಇಳಿಯುತ್ತವೆ. ಸವೆದ ಮಂಡಿ ಮಾತ್ರ ಸವೆದ ಹಾಗೇ ಇರುತ್ತದೆ. ಆಸ್ಪಿರಿನ್ 1899ರಿಂದಲೇ ಮಾರುಕಟ್ಟೆಯಲ್ಲಿದ್ದರೂ ಅದು ಕೆಲಸ ಮಾಡುವ ಗುಟ್ಟು ಬಯಲಾದದ್ದು 1971ರಲ್ಲಿ, ಇಂಗ್ಲೆಂಡಿನ ಜಾನ್ ವೇನ್ ಅವರಿಂದ. ಪ್ರೋಸ್ಟಾಗ್ಲಾಂಡಿನ್‌ಗಳ ಸಂಶೋಧನೆಗಾಗಿ ಸ್ವೀಡನ್ನಿನ ಬೆರ್ಗ್‌ಸ್ಟ್ರೋಮ್ ಮತ್ತು ಸ್ಯಾಮುಯೆಲ್ಸನ್ ಜೊತೆ ಅವರಿಗೆ 1982ರಲ್ಲಿ ನೊಬೆಲ್ ಬಂತು. ಎಪ್ಪತ್ತು ವರ್ಷ ಜಗತ್ತು ಏನು ನುಂಗುತ್ತಿದ್ದೇವೆಂದು ತಿಳಿಯದೆಯೇ ನುಂಗಿತು.

ತೊಡಕು ಇರುವುದು ಇಲ್ಲಿ: ಪ್ರೋಸ್ಟಾಗ್ಲಾಂಡಿನ್ ಬರೀ ನೋವಿನ ಪದಾರ್ಥವಲ್ಲ. ಹೊಟ್ಟೆಯೊಳಗಿನ ಲೋಳೆಪದರವನ್ನು ಕಾಯುವುದೂ ಅದೇ, ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ನುಂಗಿದ ಮಾತ್ರೆಗೆ ಮಂಡಿ ಯಾವುದು, ಕಿಡ್ನಿ ಯಾವುದು ಎಂದು ಗೊತ್ತಾಗುವುದಿಲ್ಲ.

ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ಗಂಟುಗಳು ಲಕ್ಷಗಟ್ಟಲೆ ಇವೆ. ಒಂದೊಂದಕ್ಕೂ ರಕ್ತ ಒಳಬರುವ ನಾಳ ಒಂದು, ಹೊರಹೋಗುವ ನಾಳ ಇನ್ನೊಂದು. ನಾಲೆ ಕೆಳಗಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯಲ್ಲಿ ನೀರು ನಿಲ್ಲಬೇಕಾದರೆ ಮೇಲಿನ ತೂಬು ತೆರೆದಿರಬೇಕು, ಕೆಳಗಿನ ಮಡೆ ಬಿಗಿಯಾಗಿರಬೇಕು, ನಾಲೆಯಲ್ಲೂ ನೀರಿರಬೇಕು. ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಮೇಲಿನ ತೂಬನ್ನು ತೆರೆದಿಡುವುದು ಪ್ರೋಸ್ಟಾಗ್ಲಾಂಡಿನ್. ಕೆಳಗಿನ ಮಡೆಯನ್ನು ಬಿಗಿ ಮಾಡುವುದು ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು. ನೋವಿನ ಮಾತ್ರೆ ತೂಬು ಇಳಿಸುತ್ತದೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಎನಲಾಪ್ರಿಲ್ ಬಗೆಯವು ಮಡೆ ಸಡಿಲಿಸುತ್ತವೆ. ಜನ ‘ನೀರಿನ ಮಾತ್ರೆ’ ಎನ್ನುವ ಹೈಡ್ರೋಕ್ಲೋರೋಥಯಜೈಡ್ ನಾಲೆಯ ಮಟ್ಟವನ್ನೇ ತಗ್ಗಿಸುತ್ತದೆ. ಬಿಸಿಲೂ ಅದನ್ನೇ ಮಾಡುತ್ತದೆ. ಟೆಲ್ಮಿಸಾರ್ಟನ್ನೂ ನೀರಿನ ಮಾತ್ರೆಯೂ ಒಂದೇ ಗುಳಿಗೆಯಲ್ಲಿ ಸೇರಿ ಬರುವುದು ನಮ್ಮಲ್ಲಿ ಮಾಮೂಲು, ಆದ್ದರಿಂದ ‘ನಾನು ಬಿಪಿಗೆ ಒಂದೇ ಮಾತ್ರೆ ತಗೊಳ್ಳೋದು’ ಎನ್ನುವವರ ಮೈಯಲ್ಲೂ ಎರಡು ಕೆಲಸ ನಡೆದಿರುತ್ತದೆ.

ಬ್ರಿಟನ್ನಿನಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದ 4.87 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಮಡೆ ಸಡಿಲಿಸುವ, ನಾಲೆ ತಗ್ಗಿಸುವ ಈ ಎರಡು ಬಗೆಯ ಬಿಪಿ ಔಷಧಿಯ ಜೊತೆ ನೋವಿನ ಮಾತ್ರೆಯೂ ಸೇರಿದವರಲ್ಲಿ ಕಿಡ್ನಿಗೆ ದಿಢೀರ್ ಪೆಟ್ಟು ಬೀಳುವ ಪ್ರಮಾಣ ಶೇ 31ರಷ್ಟು ಹೆಚ್ಚು. ಮೊದಲ 30 ದಿನಗಳಲ್ಲಿ ಶೇ 82ರಷ್ಟು ಹೆಚ್ಚು. ಅದು ತಂಪು ದೇಶದ, ಡಾಕ್ಟರ ಕಣ್ಣಳತೆಯಲ್ಲಿ ಮಾತ್ರೆ ನುಂಗುವವರ ಲೆಕ್ಕ. ನಡು ಮಧ್ಯಾಹ್ನ ಗರಿಯ ನಡುವೆ ಕಬ್ಬು ಕಡಿಯುವವರದಲ್ಲ.

ಕಬ್ಬು ಕಡಿಯುವವರ ಲೆಕ್ಕ ಬೇಕಾದರೆ ಮಧ್ಯ ಅಮೆರಿಕಕ್ಕೆ ಹೋಗಬೇಕು. ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳ ಕಬ್ಬಿನ ಬಯಲಿನಲ್ಲಿ ಮೂವತ್ತು ನಲವತ್ತರ ಗಂಡಸರು, ಸಕ್ಕರೆ ಕಾಯಿಲೆಯೂ ಇಲ್ಲದೆ ಬಿಪಿಯೂ ಇಲ್ಲದೆ, ಕಿಡ್ನಿ ಹೋಗಿ ಸತ್ತರು. ಸತ್ತವರ ಸಂಖ್ಯೆ 20 ಸಾವಿರಕ್ಕೂ ಹೆಚ್ಚೆಂದು ಅಂದಾಜು. ನಿಕರಾಗುವಾದ ಚಿಚಿಗಾಲ್ಪ ಪಟ್ಟಣದ ಸುತ್ತ ವಿಧವೆಯರ ಊರೆಂದೇ ಹೆಸರಾದ ಹಳ್ಳಿಯಿದೆ. ಕಾರಣ ಪೂರ್ತಿ ಇತ್ಯರ್ಥವಾಗಿಲ್ಲ: ಕೀಟನಾಶಕವನ್ನೂ ನೀರನ್ನೂ ಶಂಕಿಸುವವರಿದ್ದಾರೆ. ಆದರೆ ಹೆಚ್ಚಿನ ಸಂಶೋಧಕರು ಮೊದಲು ಬೆರಳು ತೋರುವುದು ಬಿಸಿಲಿನಲ್ಲಿ ನೀರಿಲ್ಲದ ದುಡಿಮೆಯತ್ತ. ಆ ಕೂಲಿಗಳು ಮೈಕೈ ನೋವಿಗೆ ನುಂಗುತ್ತಿದ್ದ ಮಾತ್ರೆ ಪೆಟ್ಟನ್ನು ಇನ್ನಷ್ಟು ಆಳ ಮಾಡಿರಬಹುದು ಎಂಬುದು ಬಲವಾದ ಅನುಮಾನ. ನಮ್ಮ ದೇಶದಲ್ಲೂ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆ, ತೆಂಗು ಗೋಡಂಬಿಯ ಹಸಿರು ನಾಡು, ಇಂಥದೇ ಕಾರಣ ತಿಳಿಯದ ಕಿಡ್ನಿ ಕಾಯಿಲೆಗೆ ದಶಕಗಳಿಂದ ಜನರನ್ನು ಕಳೆದುಕೊಳ್ಳುತ್ತಿದೆ. ಮಂಡ್ಯ ಉದ್ದಾನಂ ಆಗಿದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿನವರಿಗೂ ಮುಂಚೆ ಯಾರೂ ಹೇಳಿರಲಿಲ್ಲ.

ಇದೇ ಔಷಧಿ ಕಿಡ್ನಿಯ ಮೇಲೆ ಏನು ಮಾಡಬಲ್ಲದು ಎಂಬುದಕ್ಕೆ ಮಂಡ್ಯದ ನೆರೆಯಲ್ಲೇ ಒಂದು ಸಾಕ್ಷಿ ಇದೆ. ರಾಮನಗರದ ರಾಮದೇವರ ಬೆಟ್ಟ. ‘ಶೋಲೆ’ ಚಿತ್ರದ ಬಂಡೆಗಳೆಂದು ಜನ ನೋಡಲು ಹೋಗುವ ಜಾಗ. ಅಲ್ಲಿ ಗೂಡು ಕಟ್ಟುವ ರಣಹದ್ದುಗಳಿಗೆಂದೇ 2012ರಲ್ಲಿ ಅದನ್ನು ಅಭಯಾರಣ್ಯ ಎಂದು ಘೋಷಿಸಬೇಕಾಯಿತು, ಏಕೆಂದರೆ ಆ ಹೊತ್ತಿಗೆ ದೇಶದ ರಣಹದ್ದುಗಳು ಹೆಚ್ಚುಕಡಿಮೆ ಮುಗಿದುಹೋಗಿದ್ದವು. ಬಿಳಿ ಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಶೇ 99ಕ್ಕೂ ಹೆಚ್ಚು ಅಳಿಯಿತು. ಮೊದಮೊದಲು ಯಾವುದೋ ಸೋಂಕು ಇರಬೇಕೆಂದುಕೊಂಡರು. ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿ 2004ರಲ್ಲಿ ಬರೆದದ್ದು ಬೇರೆಯೇ: ದನಗಳ ನೋವಿಗೆ ಕೊಟ್ಟ ಡೈಕ್ಲೋಫಿನಾಕ್ ಹೆಣದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಕಿಡ್ನಿ ಕೆಲಸ ನಿಲ್ಲಿಸಿ, ಒಳಗಿನ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಸುಣ್ಣ ಬಳಿದಂತೆ ಕೂತಿತ್ತು. ಭಾರತ 2006ರಲ್ಲಿ ದನಗಳಿಗೆ ಡೈಕ್ಲೋಫಿನಾಕ್ ನಿಷೇಧಿಸಿತು. ಮನುಷ್ಯರ ಹೆಸರಿನಲ್ಲಿ ಬರುವ ದೊಡ್ಡ ಬಾಟಲಿಗಳನ್ನೇ ದನಗಳಿಗೆ ಚುಚ್ಚುತ್ತಿದ್ದರೆಂದು 2015ರಲ್ಲಿ ಮನುಷ್ಯರ ಇಂಜೆಕ್ಷನ್ನೂ 3 ಮಿ.ಲೀ. ಒಂಟಿ ಡೋಸಿನಲ್ಲೇ ಬರಬೇಕೆಂದಾಯಿತು. 2023ರಲ್ಲಿ ಅಸಿಕ್ಲೋಫಿನಾಕ್, ಕೀಟೊಪ್ರೊಫೆನ್ ಕೂಡ ದನಗಳಿಗೆ ನಿಷಿದ್ಧವಾದವು.

ಹದ್ದಿನ ಮೈ ಬೇರೆ, ನಮ್ಮ ಮೈ ಬೇರೆ. ಹದ್ದಿಗೆ ತೀರಾ ಸಣ್ಣ ಪ್ರಮಾಣವೇ ವಿಷ, ನಮಗೆ ಹಾಗಲ್ಲ. ನಿಷೇಧ ಬಂದದ್ದು ಹದ್ದಿನ ಸಲುವಾಗಿ, ದನದ ಸಲುವಾಗಿಯೂ ಅಲ್ಲ. ಅಷ್ಟು ಒಪ್ಪಿಕೊಂಡ ಮೇಲೂ, ಹಟ್ಟಿಯ ಹಸುವಿಗೆ ಕೊಟ್ಟರೆ ಕಾನೂನು ಮುರಿದಂತಾಗುವ ಮಾತ್ರೆ ಅದೇ ಹಸು ಸಾಕುವ ಅಜ್ಜಿಗೆ ಕಡಲೆಕಾಯಿಯಂತೆ ಸಿಗುವುದು ನನಗೆ ವಿಚಿತ್ರವಾಗಿಯೇ ಕಾಣುತ್ತದೆ.

ಹೊಟ್ಟೆಯ ವಿಷಯ ಹೆಚ್ಚಿನವರಿಗೆ ಗೊತ್ತು, ಅರ್ಧ ಮಾತ್ರ ಗೊತ್ತು. ಹಳ್ಳಿಗಳಲ್ಲಿ ‘ಮಾತ್ರೆ ಹೀಟು, ಸೂಜಿ ಚುಚ್ಚಿಸ್ಕೊಂಡ್ರೆ ಹೊಟ್ಟೆಗೇನೂ ಆಗಲ್ಲ’ ಎಂಬ ನಂಬಿಕೆ ಇದೆ. ಹೊಟ್ಟೆ ಹುಣ್ಣಾಗುವುದು ಮಾತ್ರೆ ತಾಗಿದ್ದರಿಂದ ಮಾತ್ರವಲ್ಲ, ಮುಖ್ಯವಾಗಿ ರಕ್ತದಲ್ಲಿ ಸೇರಿದ ಔಷಧಿ ಲೋಳೆಪದರದ ಕಾವಲನ್ನು ತೆಗೆಯುವುದರಿಂದ. ಸೂಜಿಯಲ್ಲಿ ಕೊಟ್ಟರೂ ಅದು ರಕ್ತಕ್ಕೇ ಹೋಗುತ್ತದೆ. ಜೊತೆಯ ಗ್ಯಾಸಿನ ಮಾತ್ರೆ, ಪ್ಯಾಂಟೊಪ್ರಜೋಲ್, ಹೊಟ್ಟೆಯನ್ನು ಒಂದು ಮಟ್ಟಿಗೆ ಕಾಯುತ್ತದೆ. ಕಿಡ್ನಿಗೂ ಹೃದಯಕ್ಕೂ ಅದರಿಂದ ಏನೂ ಉಪಯೋಗವಿಲ್ಲ; ಅದು ಇದೆ ಎಂಬ ಧೈರ್ಯದಲ್ಲಿ ಜನ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಾರೆ ಎನ್ನುವುದೇ ಅದರ ತೊಂದರೆ. ನೋವಿನ ಮಾತ್ರೆ ಹುಣ್ಣಿನ ನೋವನ್ನೂ ಮರೆಸುವುದರಿಂದ ಎಷ್ಟೋ ಸಲ ಮೊದಲ ಸೂಚನೆಯೇ ಟಾರಿನಂತೆ ಕಪ್ಪಗಾದ ಮಲ. ಸೆಟ್ಟಿನಲ್ಲಿ ಸಣ್ಣ ಸ್ಟೆರಾಯ್ಡ್ ಗುಳಿಗೆಯೂ ಸೇರಿದ್ದರೆ ಹುಣ್ಣಿನ ಅಪಾಯ ಇನ್ನೂ ಜಾಸ್ತಿ. ಒಂದೇ ದಿನಕ್ಕೆ ಹಾರಿಹೋಗುವ ಮಂಡಿನೋವು, ಉಬ್ಬಿದ ಮುಖ, ಏರಿದ ಶುಗರ್ ಕಂಡರೆ ಪೊಟ್ಟಣದಲ್ಲಿ ಅದಿದೆಯೇ ಎಂದು ಅನುಮಾನಿಸಬೇಕು. ‘ಬರೀ ನಾಟಿ ಔಷಧಿ’ ಎಂದು ಮಾರುವ ಕೆಲವು ಪುಡಿಗಳಿಗೂ ಇದೇ ಮಾತು.

ಹೃದಯದ ಪಾಠ ಕಲಿಸಿದ್ದು ರೋಫೆಕಾಕ್ಸಿಬ್. ಹೊಟ್ಟೆಯನ್ನು ಮುಟ್ಟದೆ ನೋವನ್ನಷ್ಟೇ ತೆಗೆಯುತ್ತದೆಂದು 1999ರಲ್ಲಿ ಬಂದ ಮಾತ್ರೆ ಹೃದಯಾಘಾತ, ಲಕ್ವ ಹೆಚ್ಚಿಸುತ್ತದೆಂದು ಖಚಿತವಾಗಿ 2004ರ ಸೆಪ್ಟೆಂಬರ್ 30ರಂದು ಕಂಪನಿಯೇ ಹಿಂತೆಗೆದುಕೊಂಡಿತು. ಆಮೇಲೆ ಹಳೆಯ ಮಾತ್ರೆಗಳನ್ನೂ ತೂಗಿ ನೋಡಿದರು. 2013ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ 1000 ಜನ ಒಂದು ವರ್ಷ ಹೆಚ್ಚಿನ ಡೋಸಿನಲ್ಲಿ ಡೈಕ್ಲೋಫಿನಾಕ್ ಅಥವಾ ರೋಫೆಕಾಕ್ಸಿಬ್ ಗುಂಪಿನ ಮಾತ್ರೆ ನುಂಗಿದರೆ ಅವರಲ್ಲಿ ಮೂವರಿಗೆ ಹೆಚ್ಚುವರಿಯಾಗಿ ಹೃದಯಾಘಾತದಂಥ ಪೆಟ್ಟು ಬೀಳುತ್ತದೆ, ಅದರಲ್ಲಿ ಒಬ್ಬರು ಸಾಯುತ್ತಾರೆ. ಒಬ್ಬರಿಗೆ ಇದು ಸಣ್ಣ ಅಪಾಯ. ಇಡೀ ತಾಲೂಕಿನ ಲೆಕ್ಕಕ್ಕೆ ಸಣ್ಣದಲ್ಲ. ಹೃದಯದ ಕಾಯಿಲೆಗೆಂದು ಡಾಕ್ಟರು ಕೊಟ್ಟ 75 ಮಿ.ಗ್ರಾಂ. ಆಸ್ಪಿರಿನ್ ಬೇರೆ ಸಂಗತಿ. ಇದನ್ನು ಓದಿ ಯಾರೂ ಅದನ್ನು ಬಿಡಬಾರದು. ಬಿಪಿ ಮಾತ್ರೆಯನ್ನಂತೂ ಬಿಡಲೇಬಾರದು. ಲಗಾಮು ಹಾಕಬೇಕಾದದ್ದು ನೋವಿನ ಮಾತ್ರೆಗೆ.

ಈ ಸೀಮೆಗೆ ನೋವಿನ ಮಾತ್ರೆಯ ಸಲಿಗೆ ಬೆಳೆದದ್ದರಲ್ಲಿ ಚಿಕುನ್‌ಗುನ್ಯಾದ ಪಾಲೂ ಇದೆ ಎಂದು ನನಗನ್ನಿಸುತ್ತದೆ. 2006ರಲ್ಲಿ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷ ಶಂಕಿತ ಪ್ರಕರಣಗಳು ವರದಿಯಾದವು, ದೇಶದ ಅರ್ಧಕ್ಕಿಂತ ಹೆಚ್ಚು. ಜ್ವರ ನಾಲ್ಕು ದಿನಕ್ಕೆ ಹೋದರೂ ಕೀಲುಗಳ ನೋವು ತಿಂಗಳುಗಟ್ಟಲೆ ಉಳಿಯಿತು, ಮನೆಮನೆಯ ಗೂಡಿನಲ್ಲಿ ಸ್ಟ್ರಿಪ್ ಬಂದು ಕೂತಿತು. ಈಗ ಜ್ವರ ಬಂದರೂ ಅದೇ ಗೂಡಿಗೆ ಕೈ ಹೋಗುತ್ತದೆ. ಆ ಜ್ವರ ಡೆಂಗಿ ಆಗಿದ್ದರೆ ಪ್ಲೇಟ್ಲೆಟ್ ಮೊದಲೇ ಕುಸಿದಿರುತ್ತದೆ. ಈ ಮಾತ್ರೆಗಳು ಉಳಿದ ಪ್ಲೇಟ್ಲೆಟ್ಟುಗಳ ಕೆಲಸವನ್ನೂ ಕೆಡಿಸಿ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ನಿಮೆಸುಲೈಡ್ ಅನ್ನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು 2011ರಲ್ಲೇ ನಿಷೇಧಿಸಿದ್ದಾರೆ, ಲಿವರ್ ಸಲುವಾಗಿ. ಬಸುರಿಯರಿಗೆ ಐದು ತಿಂಗಳ ಮೇಲೆ ಈ ಗುಂಪಿನ ಯಾವ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಕೊಡಕೂಡದು. ಮಗುವಿನ ಕಿಡ್ನಿಗೆ ತೊಂದರೆಯಾಗಿ ಗರ್ಭದ ನೀರು ಇಳಿಯಬಹುದು.

‘ರಕ್ತ ಟೆಸ್ಟ್ ಮಾಡಿಸಿದೀನಿ, ಕಿಡ್ನಿ ನಾರ್ಮಲ್ ಅಂತ ಬಂದದೆ’ ಎನ್ನುವವರಿಗೆ ಒಂದು ಲೆಕ್ಕ. ಎಪ್ಪತ್ತು ವರ್ಷದ, ನಲವತ್ತೆರಡು ಕೆ.ಜಿ. ತೂಕದ ಒಬ್ಬ ಅಜ್ಜಿ ಎಂದಿಟ್ಟುಕೊಳ್ಳಿ. ಲ್ಯಾಬ್ ಚೀಟಿಯಲ್ಲಿ ಕ್ರಿಯಾಟಿನಿನ್ 1.0 ಎಂದಿದೆ, ಪಕ್ಕದಲ್ಲಿ ಸಾಮಾನ್ಯ ಮಿತಿ 0.6ರಿಂದ 1.2 ಎಂದು ಅಚ್ಚಾಗಿದೆ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಈಕೆಯಲ್ಲಿ ಮಾಂಸಖಂಡವೇ ಕಡಿಮೆ, ಹಾಗಾಗಿ ಕಿಡ್ನಿ ಕುಂಟಿದರೂ ಅಂಕಿ ಏರುವುದಿಲ್ಲ. ವಯಸ್ಸು, ತೂಕ ಎರಡನ್ನೂ ಹಿಡಿಯುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರಕ್ಕೆ ಹಾಕಿದರೆ: 140ರಲ್ಲಿ 70 ಕಳೆದು 42ರಿಂದ ಗುಣಿಸಿ, 72ರಿಂದ ಭಾಗಿಸಿ, ಹೆಂಗಸಾದ್ದರಿಂದ 0.85ರಿಂದ ಗುಣಿಸಿದರೆ ಬರುವುದು ನಿಮಿಷಕ್ಕೆ ಸುಮಾರು 35 ಮಿ.ಲೀ. ಯೌವನದಲ್ಲಿ ಅದು ನೂರರ ಆಸುಪಾಸು ಇರುತ್ತದೆ. ಬೇರೆ ಸೂತ್ರಗಳು ಇನ್ನಷ್ಟು ಹೆಚ್ಚಿನ ಅಂಕಿ ಕೊಡುತ್ತವೆ, ಆದರೆ ಕಿಡ್ನಿ ಗಟ್ಟಿಯಾಗಿದೆ ಎಂದು ಯಾವುದೂ ಹೇಳುವುದಿಲ್ಲ. ಈ ಅಜ್ಜಿಗೆ ದಿನಕ್ಕೆರಡು ಡೈಕ್ಲೋಫಿನಾಕ್ ಎಂದರೆ ತೂಬನ್ನು ಪೂರ್ತಿ ಇಳಿಸಿದಂತೆಯೇ. ಜೊತೆಗೆ ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ ಕ್ರಿಯಾಟಿನಿನ್ ಏರುವುದಕ್ಕೆ ಮುಂಚೆಯೇ ಸುಳಿವು ಸಿಗುತ್ತದೆ.

ನೋವಿಗೆ ಬೇರೆ ದಾರಿ ಇಲ್ಲವೆ ಎಂದರೆ, ಪೂರ್ತಿ ಇಲ್ಲ, ಆದರೆ ಸಾಕಷ್ಟಿದೆ. ಮಂಡಿನೋವಿಗೆ ಡೈಕ್ಲೋಫಿನಾಕ್ ಜೆಲ್ ಹಚ್ಚಿದರೆ ರಕ್ತಕ್ಕೆ ಸೇರುವುದು ಮಾತ್ರೆಗೆ ಹೋಲಿಸಿದಾಗ ಶೇ 6ರಷ್ಟು ಮಾತ್ರ. ಪ್ಯಾರಸಿಟಮಾಲ್ ದಿನಕ್ಕೆ ಮೂರು ಗ್ರಾಂ ಮೀರದಂತೆ ನಡೆಯುತ್ತದೆ. ಕುಡಿಯುವವರು, ತೀರಾ ಬಡಕಲಾದವರು ಇನ್ನೂ ಕಡಿಮೆ. ಜಗಲಿಯ ಮೇಲೆ ಕೂತು ಒಂದೊಂದೇ ಕಾಲನ್ನು ನೆಟ್ಟಗೆ ಚಾಚಿ ಐದು ಎಣಿಸುವಷ್ಟು ಹಿಡಿದು ಇಳಿಸುವ ವ್ಯಾಯಾಮ ತೊಡೆಯ ಮಾಂಸವನ್ನು ಗಟ್ಟಿ ಮಾಡಿ ಮಂಡಿಯ ಮೇಲಿನ ಭಾರ ಇಳಿಸುತ್ತದೆ. ಫಲ ಕಾಣಲು ತಿಂಗಳೆರಡು ತಿಂಗಳು ಬೇಕು, ಅದಕ್ಕೇ ಯಾರೂ ಮಾಡುವುದಿಲ್ಲ. ಮಾತ್ರೆ ಬೇಕೇಬೇಕೆಂದಾದರೆ ನಾಲ್ಕೈದು ದಿನಕ್ಕೆ ನಿಲ್ಲಿಸುವಂತೆ, ಒಂದೇ ಬಗೆಯದು, ಊಟದ ಮೇಲೆ, ಹೆಸರಿರುವ ಸ್ಟ್ರಿಪ್ಪಿನಲ್ಲಿ. ವಾಂತಿಭೇದಿ ಇರುವ ದಿನ, ಬಿಸಿಲಲ್ಲಿ ಮೈ ಬಸಿದುಹೋದ ದಿನ, ಮೂತ್ರ ಕಡುಹಳದಿಯಾದ ದಿನ ಬೇಡವೇ ಬೇಡ. ಕಾಲೂತ ಬಂದರೆ, ಮೂತ್ರ ಕಡಿಮೆಯಾದರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಬೇಗ ನಿಲ್ಲಿಸಿದರೆ ಈ ಮಾತ್ರೆಯಿಂದಾದ ದಿಢೀರ್ ಪೆಟ್ಟಿನಿಂದ ಕಿಡ್ನಿ ಬಹುಪಾಲು ಚೇತರಿಸಿಕೊಳ್ಳುತ್ತದೆ.

ತಿಂಗಳಿಗೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಕೊಡುವಾಗ ‘ನೋವಿಗೆ ಏನು ನುಂಗ್ತಿದೀಯವ್ವ?’ ಎಂದು ಒಂದು ಮಾತು ಕೇಳಿ ಚೀಟಿಯಲ್ಲಿ ಬರೆದರೆ ಖರ್ಚೇನೂ ಇಲ್ಲ. ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯ ಗೂಡಿನಲ್ಲಿ ಏನಿದೆ ಎಂದು ಡಾಕ್ಟರಿಗಿಂತ ಚೆನ್ನಾಗಿ ಗೊತ್ತು. ಕಬ್ಬಿನ ಗದ್ದೆಯ ಕೆಲಸ ಮಾತ್ರ ಆರೋಗ್ಯ ಇಲಾಖೆಯೊಂದರಿಂದ ಆಗುವುದಲ್ಲ. ಬಳ್ಳಾರಿ ಕಡೆಯಿಂದ ಬಂದು ಗುಡಿಸಲು ಹಾಕಿಕೊಳ್ಳುವ ತಂಡಗಳಿಗಾಗಲಿ ಊರಿನವರಿಗಾಗಲಿ ಕೂಲಿ ಟನ್ನಿನ ಲೆಕ್ಕದಲ್ಲಿ, ಹಾಗಾಗಿ ನೀರು ಕುಡಿಯಲು ನಿಂತ ಹೊತ್ತು ಅವರ ಜೇಬಿನಿಂದ ಹೋಗುತ್ತದೆ. ಚಿಚಿಗಾಲ್ಪದ ಸಕ್ಕರೆ ಕಾರ್ಖಾನೆಯ ಗದ್ದೆಗಳಲ್ಲಿ ಗುಡಾರದ ನೆರಳು, ನೀರು, ಗಡಿಯಾರ ನೋಡಿ ಕೊಡುವ ಬಿಡುವು ತಂದ ಮೇಲೆ ಕೂಲಿಗಳ ಕಿಡ್ನಿಗೆ ಬೀಳುವ ಪೆಟ್ಟು ಇಳಿದದ್ದನ್ನು ಸಂಶೋಧಕರು ವರ್ಷ ವರ್ಷ ಅಳೆದು ದಾಖಲಿಸಿದ್ದಾರೆ. ಮಂಡ್ಯ ಜಿಲ್ಲೆಯಲ್ಲಿ ಮುಂದಿನ ಹಂಗಾಮಿಗೆ ಕಾರ್ಖಾನೆ, ಮೇಸ್ತ್ರಿ, ರೈತಸಂಘ ಕೂತು ಕಟಾವು ಕೂಲಿ ಮಾತಾಡುವಾಗ ಟನ್ನಿಗೆ ಎಷ್ಟು ಎಂಬುದರ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು: ನೆರಳು, ನೀರು, ಹನ್ನೆರಡರಿಂದ ಮೂರರವರೆಗೆ ಕೆಲಸವಿಲ್ಲ, ಆ ಹೊತ್ತಿನ ಕೂಲಿ ಉಂಟು.